ಹಗೆಯ ಹಂಗಿಲ್ಲದ ಸಾಹಸ: ‘ನಿಷ್ಕರ್ಷ’ ಚಿತ್ರದ ಬಗೆಗೆ ಉಡುಪಿ ಸೀಮೆಯ ಪ್ರೇಕ್ಷಕ ಗ್ರಹಿಕೆ

ಕಳೆದ ಶತಮಾನದ ಕೊನೆಯ ಎರಡು ದಶಕಗಳ ಕನ್ನಡ ಸಾಹಸಚಿತ್ರಗಳಲ್ಲಿ ದೊಡ್ಡ ಪಾಲು ಸೇಡಿನ ಕಥೆಗಳಿಗೆ ಸಲ್ಲುತ್ತದೆ. ತಂದೆಯ ಕೊಲೆ, ತಂಗಿಯ ಮಾನಭಂಗ, ಮನೆತನದ ಆಸ್ತಿಯ ಅಪಹಾರ ಇವುಗಳಲ್ಲಿ ಯಾವುದಾದರೊಂದು ಮೊದಲ ಅರ್ಧ ಗಂಟೆಯಲ್ಲೇ ನಡೆದುಹೋಗಿ, ನ್ಯಾಯಾಲಯವೂ ಪೊಲೀಸ್ ಠಾಣೆಯೂ ಕೈಚೆಲ್ಲಿದ ಮೇಲೆ ನಾಯಕನೇ ದಂಡಧರನಾಗುವುದು ಈ ಕಥೆಗಳ ರೂಢಿಯ ನಡೆ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನದ ‘ನಿಷ್ಕರ್ಷ’ (1993) ಇದೇ ಕಾಲದ, ಇದೇ ಪ್ರೇಕ್ಷಕವರ್ಗಕ್ಕಾಗಿ ತಯಾರಾದ ಸಾಹಸಚಿತ್ರವಾದರೂ ಅದರ ಕಥೆಯನ್ನು ನಡೆಸುವುದು ಹಗೆಯಲ್ಲ, ಬ್ಯಾಂಕಿನೊಳಗೆ ಸಿಕ್ಕಿಬಿದ್ದ ಒತ್ತೆಯಾಳುಗಳ ಬಿಡುಗಡೆ. ವಿಷ್ಣುವರ್ಧನ್, ಅನಂತನಾಗ್ ಮತ್ತು ಬಿ.ಸಿ. ಪಾಟೀಲ್ ಮುಖ್ಯ ಪಾತ್ರಗಳಲ್ಲಿರುವ ಈ ಚಿತ್ರ ಮಣಿಪಾಲದಲ್ಲಿ ಚಿತ್ರೀಕರಣಗೊಂಡಿತು. ಆದ್ದರಿಂದ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪ್ರೇಕ್ಷಕನಿಗೆ ಅದು ತನ್ನ ಊರಿನಲ್ಲಿ ತೆಗೆದ ಚಿತ್ರವೂ ಹೌದು, ತಾನು ಬಲ್ಲ ಸೇಡಿನ ಕಥನಕ್ಕೆ ಹೊರತಾದ ಚಿತ್ರವೂ ಹೌದು. ಈ ಎರಡು ಸಂಗತಿಗಳು ಕೂಡಿ ಈ ಸೀಮೆಯ ಪ್ರೇಕ್ಷಕ ಗ್ರಹಿಕೆಯನ್ನು ಹೇಗೆ ರೂಪಿಸಿರಬಹುದೆಂಬುದು ಪ್ರಸ್ತುತ ಲೇಖನದ ವಿಚಾರ.

‘ಪ್ರೇಕ್ಷಕ ಗ್ರಹಿಕೆ’ ಎಂದರೆ ಚಿತ್ರ ಹಿಡಿಸಿತು, ಹಿಡಿಸಲಿಲ್ಲ ಎಂಬ ತೀರ್ಪು ಮಾತ್ರವಲ್ಲ. ಪ್ರೇಕ್ಷಕ ತನ್ನ ಹಿಂದಿನ ಅನುಭವಗಳಿಂದ ಕಟ್ಟಿಕೊಂಡ ಅಳತೆಗೋಲನ್ನು ಹೊಸ ಕೃತಿಯ ಮೇಲಿಟ್ಟು ನೋಡುವ ಇಡೀ ಕ್ರಿಯೆಗೆ ಈ ಹೆಸರು ಸಲ್ಲುತ್ತದೆ. ಜರ್ಮನಿಯ ಸಾಹಿತ್ಯ ಮೀಮಾಂಸಕ ಹಾನ್ಸ್ ರಾಬರ್ಟ್ ಯೌಸ್ 1960ರ ದಶಕದ ಕೊನೆಯಲ್ಲಿ ಇದನ್ನು ‘ನಿರೀಕ್ಷೆಯ ದಿಗಂತ’ ಎಂಬ ಪರಿಕಲ್ಪನೆಯ ಮೂಲಕ ವಿವರಿಸಿದನು. ಕೃತಿಯೊಂದು ಓದುಗನ ನಿರೀಕ್ಷೆಗೆ ಎಷ್ಟು ಹತ್ತಿರ ಅಥವಾ ಎಷ್ಟು ದೂರ ನಿಲ್ಲುತ್ತದೆಂಬುದೇ ಅದರ ಸ್ವೀಕಾರದ ಸ್ವರೂಪವನ್ನು ತಿಳಿಸುತ್ತದೆಂಬುದು ಅವನ ವಾದದ ತಿರುಳು. ಕರಾವಳಿಯ ಪ್ರೇಕ್ಷಕನ ನಿರೀಕ್ಷೆಯ ದಿಗಂತವನ್ನು ಚಲನಚಿತ್ರಗಳಿಂದಷ್ಟೇ ಅಳೆಯಲು ಹೊರಟರೆ ಅದು ಅರೆಬರೆ ಅಧ್ಯಯನವಾಗುತ್ತದೆ. ಚಿತ್ರಮಂದಿರಕ್ಕೆ ಬರುವ ಮೊದಲೇ ಆತ ಯಕ್ಷಗಾನ ಬಯಲಾಟದ ಪ್ರೇಕ್ಷಕನಾಗಿರುತ್ತಾನೆ.

ಯಕ್ಷಗಾನದಲ್ಲಿ ಸೇಡಿನ ಪ್ರಸಂಗಗಳಿಗೆ ಕೊರತೆಯಿಲ್ಲ. ದ್ರೌಪದಿಯ ಅವಮಾನಕ್ಕೆ ಉತ್ತರವಾಗಿ ಬರುವ ‘ಕೀಚಕ ವಧೆ’, ಭೀಮನ ಪ್ರತಿಜ್ಞೆ ಈಡೇರುವ ‘ಗದಾಯುದ್ಧ’ ಇವೆರಡೂ ಇಡೀ ರಾತ್ರಿಯ ಆಟದಲ್ಲಿಯೂ ತಾಳಮದ್ದಳೆಯಲ್ಲಿಯೂ, ಅಂದರೆ ವೇಷವಾಗಲಿ ಕುಣಿತವಾಗಲಿ ಇಲ್ಲದೆ ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಪ್ರಕಾರದಲ್ಲಿಯೂ, ಮತ್ತೆ ಮತ್ತೆ ನಡೆಯುವ ಪ್ರಸಂಗಗಳು. ಇವುಗಳಲ್ಲಿ ಸೇಡು ತೀರಿತೆಂಬಲ್ಲಿಗೆ ಕಥೆ ಮುಗಿಯುವುದಿಲ್ಲ. ಸೊಂಟದ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮವನ್ನು ಭೀಮ ಮುರಿದಾಗ ಬಲರಾಮ ಕೆರಳುತ್ತಾನೆ. ತೊಡೆ ಮುರಿದು ಬಿದ್ದ ಕೌರವ ಅರ್ಥಧಾರಿಯ ಬಾಯಿಯಲ್ಲಿ ತನ್ನ ಪಕ್ಷವನ್ನು ಮಂಡಿಸುತ್ತಾನೆ. ಭೀಮನ ಗೆಲುವನ್ನು ಬಯಸಿ ಬಂದ ಸಭಿಕರೇ ಕೌರವನ ಮಾತಿಗೂ ತಲೆದೂಗುತ್ತಾರೆ. ಹೀಗೆ ಎದುರು ವೇಷಕ್ಕೂ ಸಮನಾಗಿ ಕಿವಿಗೊಡುವ ಅಭ್ಯಾಸ ಇಲ್ಲಿನ ರಂಗಸಂಸ್ಕೃತಿಯ ಬಹುದೊಡ್ಡ ಗಳಿಕೆ ಎಂದೇ ಹೇಳಬೇಕು, ಏಕೆಂದರೆ ಸೇಡಿನ ಚಿತ್ರವನ್ನು ನೋಡುವಾಗ ‘ಯಾರು ಗೆದ್ದರು’ ಎಂಬುದರ ಜೊತೆಗೆ ‘ಹಾಗೆ ಗೆಲ್ಲಬಹುದಿತ್ತೇ’ ಎಂಬ ಪ್ರಶ್ನೆಯನ್ನೂ ಕೇಳಲು ಅದು ಪ್ರೇಕ್ಷಕನನ್ನು ಅಣಿಗೊಳಿಸುತ್ತದೆ.

ತುಳುವಿನ ಪಾಡ್ದನಗಳು, ಎಂದರೆ ದೈವಗಳ ಮತ್ತು ವೀರರ ಕಥೆಯನ್ನು ಹಾಡಿಕೊಂಡು ಬಂದ ಮೌಖಿಕ ಕಥನಗಳು, ಈ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಕೊಟ್ಟಿವೆ. ಗದ್ದೆಯ ವಿಷಯದಲ್ಲಿ ಅನ್ಯಾಯವೆಸಗಿದ ಬುದ್ಯಂತನನ್ನು ಕೊಂದ ಅವಳಿ ಸಹೋದರರಾದ ಕೋಟಿ ಚೆನ್ನಯರು ಪಡುಮಲೆಯನ್ನು ಬಿಟ್ಟು ಹೋಗಬೇಕಾಗುತ್ತದೆ, ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿಯುತ್ತಾರೆ. ಅವರ ಹಗೆಗೆ ನ್ಯಾಯದ ಆಧಾರವಿದ್ದರೂ ಅದರ ಬೆಲೆಯನ್ನು ಅವರು ತೆತ್ತೇ ತೀರಬೇಕು. ಹಾಗೆ ತೆತ್ತ ಮೇಲೆಯೇ ಅವರು ಗರೋಡಿಗಳಲ್ಲಿ ಆರಾಧನೆಗೆ ಅರ್ಹರಾಗುತ್ತಾರೆ. ಗರೋಡಿಗಳು ಉಡುಪಿ, ಕಾಪು, ಕಾರ್ಕಳಗಳ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿರುವ ಆರಾಧನಾ ಸ್ಥಾನಗಳಾಗಿರುವುದರಿಂದ ಈ ಕಥೆ ಇಲ್ಲಿನವರಿಗೆ ಪುಸ್ತಕದ ಮೂಲಕ ತಲಪಿದ್ದಲ್ಲ, ದೈವಾರಾಧನೆಯ ಉತ್ಸವವಾದ ನೇಮದ ರಾತ್ರಿಗಳಲ್ಲಿ ಕಿವಿಗೆ ಬಿದ್ದದ್ದು. ಇದಕ್ಕೆ ಎದುರಾಗಿ 1993ರಲ್ಲಿಯೇ ಬಂದ ಹಿಂದಿಯ ‘ಬಾಜಿಗರ್’ ಚಿತ್ರವನ್ನಿಟ್ಟು ನೋಡಬಹುದು. ಅಲ್ಲಿ ತಂದೆಯ ಪಾಡಿಗೆ ಸೇಡು ತೀರಿಸಿಕೊಳ್ಳುವ ನಾಯಕ ತಪ್ಪಿತಸ್ಥನ ನಿರಪರಾಧಿ ಮಗಳನ್ನೇ ಕೊಲ್ಲುತ್ತಾನೆ, ಆದರೂ ನಾಯಕನಾಗಿಯೇ ಉಳಿಯುತ್ತಾನೆ. ಪಾಡ್ದನದ ಅಳತೆಗೋಲು ಇಂಥ ಹಗೆಯನ್ನು ಸುಲಭವಾಗಿ ಒಪ್ಪುವಂಥದ್ದಲ್ಲ.

ಈ ಹಿನ್ನೆಲೆಯಲ್ಲಿ ‘ನಿಷ್ಕರ್ಷ’ವನ್ನು ನೋಡಿದರೆ ಅದರ ಕಥೆಯ ಬಿಗುವು ಬೇರೊಂದು ಮೂಲದಿಂದ ಬರುವುದು ಕಾಣುತ್ತದೆ. ಆಯುಧಧಾರಿಗಳು ಬ್ಯಾಂಕೊಂದನ್ನು ಹಿಡಿದಿಟ್ಟುಕೊಳ್ಳುತ್ತಾರೆ, ಬಹುಮಹಡಿ ಕಟ್ಟಡದೊಳಗೆ ನಾಯಕ ಒಬ್ಬನೇ ಹೋರಾಡಬೇಕಾಗುತ್ತದೆ, ಹೊರಗೆ ಪೊಲೀಸರು ಕಾಯುತ್ತಾರೆ. ದೇಸಾಯಿ ‘ತರ್ಕ’ (1989) ಚಿತ್ರದಲ್ಲಿ ಮಾಡಿದಂತೆ ಇಲ್ಲಿಯೂ ಹಾಡುಗಳನ್ನು ಕೈಬಿಟ್ಟು, ಗುಣಸಿಂಗ್ ಅವರ ಹಿನ್ನೆಲೆ ಸಂಗೀತದ ಮೇಲೆ ಭಾರ ಹೊರಿಸಿದ್ದಾರೆ. ಜನಪ್ರಿಯ ನಟನೊಬ್ಬನ ಚಿತ್ರದಲ್ಲಿ ಹಾಡಿಲ್ಲದಿರುವುದು ಆ ಕಾಲಕ್ಕೆ ದೊಡ್ಡ ಧೈರ್ಯವೇ ಸರಿ. ಹಾಡಿನ ಬಿಡುವು ಇಲ್ಲದ್ದರಿಂದ ಪ್ರೇಕ್ಷಕನೂ ಒತ್ತೆಯಾಳುಗಳಂತೆ ಕಟ್ಟಡದಿಂದ ಹೊರಬರುವ ದಾರಿ ಕಾಣದೆ ಉಳಿಯುತ್ತಾನೆ. ಚಿತ್ರದ ಬಗ್ಗೆ ಇಂದಿಗೂ ಕೇಳಿಬರುವ ಮೆಚ್ಚುಗೆಯಲ್ಲಿ ಈ ಬಿಗಿಗೇ ಮೊದಲ ಸ್ಥಾನ. ಪೊಲೀಸ್ ಇಲಾಖೆಯ ಹಿನ್ನೆಲೆಯಿಂದ ಬಂದ ಪಾಟೀಲರು ಎದುರಾಳಿ ತಂಡದ ನಾಯಕನಾಗಿ ನಟಿಸಿರುವುದೂ ಆ ಮಾತಿನ ಜೊತೆಗೇ ನೆನಪಾಗುತ್ತದೆ.

ಸ್ಥಳೀಯ ಗ್ರಹಿಕೆಯ ಮಟ್ಟಿಗೆ ಇದಕ್ಕಿಂತ ಮಹತ್ವದ ಸಂಗತಿಯೆಂದರೆ ಒತ್ತೆಸೆರೆ ನಡೆಯುವ ಸ್ಥಳ ಬ್ಯಾಂಕ್ ಆಗಿರುವುದು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಭಾರತೀಯ ಬ್ಯಾಂಕಿಂಗಿನ ತವರುಗಳಲ್ಲೊಂದು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿಯೇ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲವನ್ನು ಕೇಂದ್ರ ಮಾಡಿಕೊಂಡಿತು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಸಂಗ್ರಾಹಕನು ದಿನವೂ ಮನೆ ಮತ್ತು ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದನು. ಮೀನು ಮಾರುವವರೂ ಬೀಡಿ ಕಟ್ಟುವವರೂ ಬ್ಯಾಂಕನ್ನು ಬಲ್ಲ ನಾಡು ಇದು. ದೂರದ ಪ್ರೇಕ್ಷಕನಿಗೆ ಪರದೆಯ ಮೇಲಿನ ಬ್ಯಾಂಕು ಕಥೆಗೆ ಬೇಕಾದ ಖಜಾನೆಯಷ್ಟೇ ಆಗಿದ್ದರೆ, ಇಲ್ಲಿನವನಿಗೆ ಅದು ತನ್ನ ಮನೆಯವರು ಕೂಡಿಟ್ಟ ಹಣವಿರುವ, ನೆರೆಮನೆಯ ಹುಡುಗನಿಗೆ ಕೆಲಸ ಕೊಟ್ಟ ಸಂಸ್ಥೆಯ ರೂಪ. ಹೀಗಾಗಿ ಕೌಂಟರಿನ ಆಚೆ ಬಂದೂಕಿಗೆ ಎದುರಾಗಿ ನಿಂತ ಗುಮಾಸ್ತ ಅವನಿಗೆ ಪರಿಚಿತ. ವೈಯಕ್ತಿಕ ಹಗೆಯಿಲ್ಲದ ಕಥೆಗೂ ಈ ಸೀಮೆಯಲ್ಲಿ ಭಾವದ ಆಧಾರ ಸಿಗಲು ಇದೇ ಮುಖ್ಯ ಕಾರಣವೆಂದು ವಾದಿಸಬಹುದು.

‘ನಿಷ್ಕರ್ಷ’ದ ಮೇಲಿನ ಮುಖ್ಯ ಆಕ್ಷೇಪ ಅದು ಜಾನ್ ಮೆಕ್‌ಟಿಯರ್ನನ್ ನಿರ್ದೇಶನದ ‘ಡೈ ಹಾರ್ಡ್’ (1988) ಚಿತ್ರಕ್ಕೆ ಋಣಿಯೆಂಬುದು. ಕಟ್ಟಡ, ಒತ್ತೆಯಾಳುಗಳು, ಒಂಟಿ ಹೋರಾಟಗಾರ ಈ ಮೂರನ್ನೂ ನೋಡಿದರೆ ಆ ಋಣವನ್ನು ಅಲ್ಲಗಳೆಯಲಾಗದು. ದೇಶದ ನಾನಾ ಕಡೆಗಳ ವಿದ್ಯಾರ್ಥಿಗಳು ನೆಲೆಸಿರುವ ಮಣಿಪಾಲದಲ್ಲಿ ಇಂಗ್ಲಿಷ್ ಚಿತ್ರದ ಪರಿಚಯವಿದ್ದವರಿಗೆ ಈ ಹೋಲಿಕೆ ಕೂಡಲೇ ಹೊಳೆಯುವಂಥದ್ದು. ಕಾಪು, ಕಾರ್ಕಳಗಳಿಂದ ಬಸ್ಸು ಹಿಡಿದು ಉಡುಪಿಯ ಕಲ್ಪನಾ, ಅಲಂಕಾರ್ ಮುಂತಾದ ಚಿತ್ರಮಂದಿರಗಳಿಗೆ ಬರುತ್ತಿದ್ದ ತುಳು ಮಾತಿನ ಪ್ರೇಕ್ಷಕನ ಮುಂದಿದ್ದ ಹೋಲಿಕೆಗಳು ಬೇರೆ. ಆದರೆ ಮೂಲವನ್ನು ಗುರುತಿಸಿದಲ್ಲಿಗೆ ವಿಮರ್ಶೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಪ್ರಸಂಗಕರ್ತನು ಮಹಾಭಾರತದಿಂದ ಕಥೆಯನ್ನು ಎತ್ತಿಕೊಂಡನೆಂಬ ಕಾರಣಕ್ಕೆ ಆಟದ ಬೆಲೆಯನ್ನು ಯಾರೂ ತಗ್ಗಿಸುವುದಿಲ್ಲ, ಕಥೆಯನ್ನು ರಂಗಕ್ಕೆ ತಂದ ಬಗೆಯನ್ನು ನೋಡುತ್ತಾರೆ. ಅದೇ ನ್ಯಾಯ ಚಿತ್ರಕ್ಕೂ ಸಲ್ಲಬೇಕು. ಎರವಲು ತಂದ ಚೌಕಟ್ಟನ್ನು ಹಾಡಿಲ್ಲದ ಕನ್ನಡ ಚಿತ್ರವಾಗಿ, ಬ್ಯಾಂಕುಗಳ ನಾಡಿನಲ್ಲಿ ನೆಲೆಗೊಳಿಸಿದ್ದು ದೇಸಾಯಿ ಅವರ ಸ್ವಂತ ಸಾಧನೆ.

1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ಕನ್ನಡ ಚಿತ್ರಗಳ ಮರುವೀಕ್ಷಣೆ ಮನೆಯೊಳಗೇ ಸುಲಭವಾಯಿತು. ಇದರಿಂದ ಒಂದೇ ಚಿತ್ರಕ್ಕೆ ಎರಡು ತಲೆಮಾರಿನ ಪ್ರೇಕ್ಷಕರು ಹುಟ್ಟಿಕೊಂಡರು. ವಿಷ್ಣುವರ್ಧನ್ ನಿಧನರಾಗಿ ಹತ್ತು ವರ್ಷ ತುಂಬುತ್ತಿದ್ದ 2019ರಲ್ಲಿ ‘ನಿಷ್ಕರ್ಷ’ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಕರಾವಳಿಯ ಸೇಡಿನ ಕಥನವೇ ಹೊಸ ದಾರಿ ಹಿಡಿದಿತ್ತು. ಮಲ್ಪೆಯ ಹಿನ್ನೆಲೆಯ ‘ಉಳಿದವರು ಕಂಡಂತೆ’ (2014) ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿ ಹಗೆಯ ಸತ್ಯವನ್ನೇ ಪ್ರಶ್ನೆಗೆ ಒಡ್ಡಿದರೆ, ಮುಂದೆ ಬಂದ ಮಂಗಳೂರಿನ ‘ಗರುಡ ಗಮನ ವೃಷಭ ವಾಹನ’ (2021) ಗೆಳೆತನವೇ ಹಗೆಯಾಗುವುದನ್ನು ತೋರಿಸಿತು. ಎಲ್ಲ ಪಕ್ಷಗಳ ಮಾತನ್ನೂ ಕೇಳುವ ತಾಳಮದ್ದಳೆಯ ಅಭ್ಯಾಸಕ್ಕೆ ಇವು, ಅದರಲ್ಲೂ ಮೊದಲನೆಯದು, ತೀರ ಹತ್ತಿರದವು. ಊರಿನ ಕಟ್ಟಡ ಮಾತ್ರ ಪರದೆಗೆ ಬಂದಿದ್ದ 1993ರಿಂದ ಊರಿನ ಮಾತು, ಹುಲಿವೇಷ, ನ್ಯಾಯದ ಕಲ್ಪನೆಗಳೇ ಪರದೆಗೆ ಬರುವವರೆಗಿನ ಈ ನಡೆಯಲ್ಲಿ ‘ನಿಷ್ಕರ್ಷ’ಕ್ಕೆ ಒಂದು ಆರಂಭದ ಸ್ಥಾನವಿದೆ.

ಈ ಗ್ರಹಿಕೆಯ ಬಗ್ಗೆ ಇಲ್ಲಿ ಹೇಳಿದ್ದು ಬಹುಮಟ್ಟಿಗೆ ಊಹೆ, ಅದನ್ನು ಪ್ರೇಕ್ಷಕರ ಮಾತಿನಿಂದಲೇ ಪರೀಕ್ಷಿಸಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಪಾಡ್ದನ ಮತ್ತು ಭೂತಾರಾಧನೆಗಳ ದಾಖಲೀಕರಣದಲ್ಲಿ ದೊಡ್ಡ ಕೆಲಸ ಮಾಡಿದೆ. ಮಣಿಪಾಲದಲ್ಲಿ 1997ರಿಂದ ಸಂವಹನ ಶಿಕ್ಷಣ ಸಂಸ್ಥೆಯೊಂದು ನಡೆಯುತ್ತಿದೆ. 1993ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಪ್ರೇಕ್ಷಕರು ಈಗ ಐವತ್ತು ದಾಟಿದ್ದಾರೆ. ಅವರ ಮಾತುಗಳನ್ನು ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ, ಅವರವರ ನುಡಿಯಲ್ಲೇ ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಇಂಥ ಸಂಸ್ಥೆಗಳು ಕೂಡಲೇ ಕೈಗೆತ್ತಿಕೊಳ್ಳಬೇಕು. ಚಿತ್ರಮಂದಿರಗಳ ಕೆಲಸಗಾರರನ್ನೂ, ಚಿತ್ರೀಕರಣವನ್ನು ರಸ್ತೆಬದಿಯಿಂದ ನೋಡಿದವರನ್ನೂ ಅದರಲ್ಲಿ ಸೇರಿಸಿಕೊಳ್ಳುವುದು ಅಗತ್ಯ.