ಬಾರ್ಶಿ ಲೈಟ್ ರೈಲ್ವೆಯ ನೌಕರರು ಮತ್ತು ‘ಕಡಿತ’ ಎಂಬ ಪದದ ಅರ್ಥ

ಮಿರಜಿನಿಂದ ಹೊರಟು ಜತ್ ರೋಡ್, ಸಾಂಗೋಲೆ, ಪಂಢರಪುರ, ಕುರ್ಡುವಾಡಿ, ಬಾರ್ಶಿಗಳನ್ನು ದಾಟಿ ಲಾತೂರನ್ನು ಮುಟ್ಟುತ್ತಿದ್ದ ಎರಡೂವರೆ ಅಡಿ ಅಗಲದ ಕಿರುಹಳಿಯು ಬಾರ್ಶಿ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿಗೆ ಸೇರಿತ್ತು. ಎಂಜಿನಿಯರ್ ಎವೆರಾರ್ಡ್ ಕಾಲ್ಥ್ರಾಪ್ ರೂಪಿಸಿದ ಈ ಮಾರ್ಗವು 1897ರಲ್ಲಿ ಕುರ್ಡುವಾಡಿ ಮತ್ತು ಬಾರ್ಶಿಗಳ ನಡುವೆ ಆರಂಭವಾಗಿ, 1927ರಲ್ಲಿ ಮಿರಜನ್ನು ತಲುಪಿತು. ಸೊಲ್ಲಾಪುರ ಹಾಗೂ ಜತ್ತ ಸೀಮೆಯ ಚರಿತ್ರೆಯಲ್ಲಿ ಈ ಹಳಿಯನ್ನು ವ್ಯಾಪಾರ ಮತ್ತು ವಾರಿ ಯಾತ್ರೆಗಳ ಸಂದರ್ಭದಲ್ಲಿ ನೆನೆಯುವುದು ವಾಡಿಕೆ. ಭಾರತದ ಕಾರ್ಮಿಕ ಕಾನೂನಿನ ಚರಿತ್ರೆಯಲ್ಲಿಯೂ ಅದಕ್ಕೊಂದು ಸ್ಥಾನವಿದೆ. ಕೆಲಸದಿಂದ ಬಿಡುಗಡೆ ಹೊಂದಿದ ನೌಕರನಿಗೆ ಪರಿಹಾರ ಯಾವಾಗ ಸಲ್ಲುತ್ತದೆಂಬ ಪ್ರಶ್ನೆಯು ಈ ಕಂಪನಿಯ ನೌಕರರ ಮೂಲಕವೇ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು.

ಸರಕಾರದೊಡನೆ ಮಾಡಿಕೊಂಡಿದ್ದ ಹಳೆಯ ಕರಾರಿನ ಪ್ರಕಾರ ಈ ರೈಲುಮಾರ್ಗವನ್ನು ಕೊಳ್ಳುವ ಹಕ್ಕು ಸರಕಾರಕ್ಕಿತ್ತು. ಆ ಹಕ್ಕನ್ನು ಚಲಾಯಿಸಿ 1954ರ ಜನವರಿ 1ರಿಂದ ಮಾರ್ಗವನ್ನು ವಶಕ್ಕೆ ಪಡೆಯಲು ಅದು ನಿರ್ಧರಿಸಿತು. 1953ರ ನವೆಂಬರ್ 11ರಂದು ಕಂಪನಿಯು, ಡಿಸೆಂಬರ್ 31ರ ಅಪರಾಹ್ನದಿಂದ ಎಲ್ಲ ನೌಕರರ ಸೇವೆ ಮುಕ್ತಾಯವಾಗುವುದೆಂದು ನೋಟೀಸು ಹೊರಡಿಸಿತು. ಅದಕ್ಕೆ ಹದಿನೆಂಟು ದಿನ ಮೊದಲು, ಅಕ್ಟೋಬರ್ 24ರಿಂದ, ಕೈಗಾರಿಕಾ ವಿವಾದಗಳ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತ್ತು. ಬಟ್ಟೆಗಿರಣಿಗಳಲ್ಲಿ ಮಾಲು ಮಾರಾಟವಾಗದೆ ಉಳಿದು ಕೆಲಸಗಾರರು ನಿರುದ್ಯೋಗದ ಭೀತಿಗೆ ಸಿಲುಕಿದ ಕಾಲದಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಈ ತಿದ್ದುಪಡಿಯು ಮುಂದೆ 1953ರ 43ನೆಯ ಕಾಯ್ದೆಯಾಯಿತು.

ಅದರ 25ಎಫ್ ವಿಧಿಯು ಮಾಲಿಕನ ಮೇಲೆ ಮೂರು ಕರ್ತವ್ಯಗಳನ್ನು ಹೊರಿಸಿತು. ಒಂದು ವರ್ಷ ಸತತವಾಗಿ ದುಡಿದವನನ್ನು ಕಡಿತಗೊಳಿಸುವಾಗ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟೀಸನ್ನು, ಇಲ್ಲವೆ ಅಷ್ಟು ಅವಧಿಯ ವೇತನವನ್ನು ಕೊಡಬೇಕು; ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ತೆರಬೇಕು; ಸರಕಾರಕ್ಕೆ ತಿಳಿಸಬೇಕು. ಇದೇ ಅಧ್ಯಾಯದಲ್ಲಿ ಕೆಲಸಗಾರನ ಹೊಣೆಯೂ ಇತ್ತು. ತಾತ್ಕಾಲಿಕವಾಗಿ ಕೆಲಸ ನಿಂತ ಕಾಲದಲ್ಲಿ ಆತನು ದಿನವೂ ಗೊತ್ತಾದ ವೇಳೆಗೆ ಹಾಜರಾಗಬೇಕಿತ್ತು; ಐದು ಮೈಲಿಯೊಳಗೆ ಅದೇ ಮಾಲಿಕನು ಕೊಡುವ ತಕ್ಕ ಬದಲಿ ಕೆಲಸವನ್ನು ನಿರಾಕರಿಸಿದರೆ ಪರಿಹಾರದ ಹಕ್ಕನ್ನು ಕಳೆದುಕೊಳ್ಳಬೇಕಾಗುತ್ತಿತ್ತು.

ಬಾರ್ಶಿ ನೌಕರರಿಗೆ ನೋಟೀಸಿನ ಅವಧಿ ಸಾಕಷ್ಟು ದೊರೆತಿತ್ತು. ವಿವಾದ ಉಳಿದದ್ದು ಪರಿಹಾರದ ಕುರಿತು. ಇಪ್ಪತ್ತು ವರ್ಷ ದುಡಿದವನಿಗೆ ಅದು ಮುನ್ನೂರು ದಿನಗಳ ವೇತನ. ಸಣ್ಣ ಸಂಬಳದ ಮನೆಗೆ ಅಲ್ಪ ಮೊತ್ತವಲ್ಲ. ತೀರ್ಪಿನಲ್ಲಿ ದಾಖಲಾದಂತೆ, ಸುಮಾರು ಶೇಕಡಾ 77ರಷ್ಟು ಸಿಬ್ಬಂದಿಯನ್ನು ಸರಕಾರವು ಹಳೆಯ ವೇತನಶ್ರೇಣಿಯಲ್ಲಿಯೇ ಮತ್ತೆ ಸೇರಿಸಿಕೊಂಡಿತು; ಸುಮಾರು ಶೇಕಡಾ 23ರಷ್ಟು ಮಂದಿ ಕೊಂಚ ಕಡಿಮೆ ಶ್ರೇಣಿಗೆ ಒಪ್ಪಿದರು; 24ರಷ್ಟು ಮಂದಿ ಮಾತ್ರ ಸರಕಾರಿ ಸೇವೆಯನ್ನು ಒಲ್ಲೆನೆಂದರು. ಕಂಪನಿಯ ಲೆಕ್ಕದಲ್ಲಿ ಇದರಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ. ನೌಕರರ ದೃಷ್ಟಿಯಲ್ಲಿ ಹಳೆಯ ಮಾಲಿಕನೊಡನೆ ಕಳೆದ ವರ್ಷಗಳಿಗೆ ಆ ಮಾಲಿಕನೇ ಉತ್ತರ ಹೇಳಬೇಕಿತ್ತು.

ಬಾಂಬೆ ಉಚ್ಚ ನ್ಯಾಯಾಲಯವು ನೌಕರರ ವಾದವನ್ನು ಎತ್ತಿಹಿಡಿಯಿತು. ಆಗ ಅದೇ ನ್ಯಾಯಾಲಯದ ವ್ಯಾಪ್ತಿಯಲ್ಲಿ ವಿಜಾಪುರ, ಧಾರವಾಡ, ಬೆಳಗಾವಿಗಳೂ ಸೊಲ್ಲಾಪುರದೊಡನೆ ಇದ್ದವು. ಆದುದರಿಂದ ಈ ವ್ಯಾಖ್ಯಾನವು ಇಂದಿನ ಗಡಿಯ ಎರಡೂ ಬದಿಯ ಕನ್ನಡ ಕಾರ್ಮಿಕರಿಗೆ ಸಂಬಂಧಿಸಿದುದಾಗಿತ್ತು. ರಾಜ್ಯ ಪುನರ್ವಿಂಗಡಣೆಯು 1956ರ ನವೆಂಬರ್ 1ರಂದು ಈ ಊರುಗಳನ್ನು ಬೇರ್ಪಡಿಸಿತು. ಅದೇ ತಿಂಗಳ 27ರಂದು, ಬರೋಡೆಯ ಗಿರಣಿಯೊಂದರ ಪ್ರಕರಣದೊಡನೆ ಕೂಡಿಸಿ, ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ನಿರ್ಣಯವನ್ನು ತಳ್ಳಿಹಾಕಿತು.

ನ್ಯಾಯಮೂರ್ತಿ ಎಸ್. ಕೆ. ದಾಸ್ ಅವರ ತೀರ್ಪು ನಿಂತದ್ದು ಒಂದು ಪದದ ಮೇಲೆ. ‘ಯಾವುದೇ ಕಾರಣಕ್ಕಾಗಿ’ ಸೇವೆಯನ್ನು ಕೊನೆಗೊಳಿಸುವುದೆಂದು ಕಾಯ್ದೆಯು ರಿಟ್ರೆಂಚ್‌ಮೆಂಟನ್ನು ವಿವರಿಸಿದ್ದರೂ, ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚುವರಿಯಾದವರನ್ನು ಬಿಡುವುದೇ ಆ ಪದದ ಸಾಮಾನ್ಯ ಅರ್ಥವೆಂದು ನ್ಯಾಯಾಲಯವು ಹೇಳಿತು. ಉದ್ಯಮವೇ ಮುಚ್ಚಿದರೆ ಅಥವಾ ಕೈಬದಲಾದರೆ ಅದು ಕಡಿತವಲ್ಲ. ಕನ್ನಡದ ‘ಕಡಿತ’, ಮರಾಠಿಯ ‘ಕಪಾತ’ ಎರಡೂ ಕತ್ತರಿಸುವ ಕ್ರಿಯೆಯನ್ನೇ ಸೂಚಿಸುತ್ತವೆ. ಕೊಂಬೆ ಕಡಿದರೂ ಮರ ನಿಂತಿರಬೇಕೆಂಬ ಭಾವ ಅವುಗಳಲ್ಲಿದೆ. ಭಾಷೆಯ ದೃಷ್ಟಿಯಿಂದ ತೀರ್ಪು ಅಸಂಗತವಲ್ಲ. ಆದರೆ ಕೊಂಬೆ ಕಡಿದಾಗ ದೊರೆಯುವ ಪರಿಹಾರವು ಮರವೇ ಉರುಳಿದಾಗ ದೊರೆಯುವುದಿಲ್ಲವೆಂಬ ಫಲಿತಾಂಶವನ್ನು ದುಡಿಯುವವರು ಒಪ್ಪುವುದು ಕಷ್ಟವಾಗಿತ್ತು.

ಶಾಸಕಾಂಗವೂ ಅದನ್ನು ಒಪ್ಪಲಿಲ್ಲ. 1957ರ ಏಪ್ರಿಲ್ 27ರ ಸುಗ್ರೀವಾಜ್ಞೆ ಹಾಗೂ ಆ ವರ್ಷದ 18ನೆಯ ಕಾಯ್ದೆಯ ಮೂಲಕ ಉದ್ಯಮದ ವರ್ಗಾವಣೆಗೆ 25ಎಫ್‌ಎಫ್ ವಿಧಿಯೂ ಮುಚ್ಚುವಿಕೆಗೆ 25ಎಫ್‌ಎಫ್‌ಎಫ್ ವಿಧಿಯೂ ಬಂದವು. ಸೇವೆ ತುಂಡಾಗದೆ, ಷರತ್ತುಗಳು ಕೆಳಗಿಳಿಯದೆ, ಹಿಂದಿನ ವರ್ಷಗಳ ಹೊಣೆಯನ್ನು ಹೊಸ ಮಾಲಿಕನು ಹೊತ್ತಾಗ ಮಾತ್ರ ಹಳೆಯ ಮಾಲಿಕನು ಪರಿಹಾರದಿಂದ ಮುಕ್ತನಾಗುತ್ತಾನೆ. ತನ್ನ ಹತೋಟಿ ಮೀರಿದ ಅನಿವಾರ್ಯ ಕಾರಣದಿಂದ ಮುಚ್ಚಿದವನ ಹೊಣೆಗೆ ಮೂರು ತಿಂಗಳ ವೇತನದ ಮಿತಿಯುಂಟು. ಹಣಕಾಸಿನ ಮುಗ್ಗಟ್ಟೊಂದೇ ಅಂಥ ಕಾರಣವೆನಿಸದು. ಈ ವಿಧಿಗಳಿಗೆ ಪೂರ್ವಾನ್ವಯವನ್ನೂ ಕೊಡಲಾಯಿತು. ಅದರ ಆರಂಭ 1956ರ ನವೆಂಬರ್ 28, ತೀರ್ಪಿನ ಮರುದಿನ.

ಹೀಗಾಗಿ ತಮ್ಮ ಸೋಲಿನಿಂದ ಹುಟ್ಟಿದ ಕಾನೂನು 1953ರಲ್ಲಿಯೇ ಬಿಡುಗಡೆಗೊಂಡಿದ್ದ ಬಾರ್ಶಿ ನೌಕರರ ಪಾಲಿಗೆ ಬರಲಿಲ್ಲ. ಅವರ ಅನಂತರ ಬಂದವರಿಗೆ ಅದು ದೊರೆಯಿತು. 1960ರಲ್ಲಿ ಹಠೀಸಿಂಗ್ ಗಿರಣಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 25ಎಫ್‌ಎಫ್‌ಎಫ್ ವಿಧಿಯನ್ನು ಸಿಂಧುವೆಂದು ಒಪ್ಪಿತು. 1990ರಲ್ಲಿ ಸಂವಿಧಾನ ಪೀಠವೊಂದು ‘ಯಾವುದೇ ಕಾರಣ’ವೆಂಬ ಮಾತಿಗೆ ಅದರ ಪೂರ್ಣ ವಿಸ್ತಾರವನ್ನು ಮರಳಿಸಿತು. ಹದಿನೈದು ದಿನಗಳ ಅಳತೆಯು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಅಲ್ಲಿನ ಮರಾಠಿ, ಕನ್ನಡ, ತೆಲುಗು ಮನೆಗಳಿಗೆ ಲೆಕ್ಕ ಕೇಳುವ ಆಧಾರ ಈ ವಿಧಿಗಳಲ್ಲಿತ್ತು. ಗಡಿಸೀಮೆಯ ದುಡಿಮೆಯ ಚರಿತ್ರೆಯನ್ನು ಬರೆಯುವವರು ಕಿರುಹಳಿಯ ಈ ವ್ಯಾಜ್ಯವನ್ನು ಅದರ ಆರಂಭದ ಪುಟಗಳಲ್ಲಿ ಸೇರಿಸಬೇಕಾಗಿದೆ.