ಟ್ಯಾಂಕರ್ ಚಾಲಕನ ಮೂರು ದಿನದ ಪಾಠಶಾಲೆ

ಶಿರಾಡಿ ಘಾಟಿಯಲ್ಲಿ ಮಂಗಳೂರು ಕಡೆಯಿಂದ ಏರಿ ಬರುವ ಅನಿಲ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡವರು, ದಾರಿ ಸಿಗುವವರೆಗೆ ಬೇರೆ ಕೆಲಸವಿಲ್ಲದೆ, ಅದರ ಬೆನ್ನ ಮೇಲಿನ ಬರಹವನ್ನು ಓದಿಯೇ ಇರುತ್ತಾರೆ. ಮೂಲೆಯ ಮೇಲೆ ನಿಲ್ಲಿಸಿದಂಥ ಚೌಕದೊಳಗೆ ಬೆಂಕಿಯ ಚಿತ್ರ, 1075 ಎಂಬ ಸಂಖ್ಯೆ, ಕೆಳಗೆ ದೂರವಾಣಿ ಸಂಖ್ಯೆಗಳು. ಈ ಬರಹ ಮುಖ್ಯವಾಗಿ ಅಗ್ನಿಶಾಮಕ ದಳದವರಿಗೆ, ಪೊಲೀಸರಿಗೆ. ಆದರೆ ಗಾಡಿ ಮಗುಚಿದರೆ ಅವರು ಬಂದು ಮುಟ್ಟಲು ಹೊತ್ತು ಬೇಕು. ಅಲ್ಲಿಯವರೆಗೆ ಸ್ಥಳದಲ್ಲಿರುವವರು ಚಾಲಕ ಮತ್ತು ಕ್ಲೀನರ್ ಮಾತ್ರ. ಅವರಿಗೆ ಏನು ಗೊತ್ತಿರಬೇಕು, ಅದನ್ನು ಕಲಿಸುವವರು ಯಾರು ಎಂಬ ಪ್ರಶ್ನೆಗೆ ಸರ್ಕಾರಗಳು ಉತ್ತರ ಹುಡುಕತೊಡಗಿದ್ದು ತೀರ ಈಚೆಗೆ.

ನಮ್ಮಲ್ಲಿ ಲಾರಿ ವಿದ್ಯೆ ಬಹುಕಾಲ ಗುರುಕುಲದ ರೀತಿಯಲ್ಲಿಯೇ ನಡೆದುಬಂತು. ಹುಡುಗ ಕ್ಲೀನರ್ ಆಗಿ ಸೇರುತ್ತಾನೆ. ಗಾಡಿ ತೊಳೆಯುತ್ತಾನೆ, ಇಳಿಜಾರಿನಲ್ಲಿ ನಿಲ್ಲಿಸಿದಾಗ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ, ಕೈ ಪಳಗಿದ ಮೇಲೆ ಒಂದು ದಿನ ಸ್ಟಿಯರಿಂಗ್ ಹಿಡಿಯುತ್ತಾನೆ. 1914ರ ಮೋಟಾರು ವಾಹನ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ 1939ರ ಕಾಯ್ದೆಯಾಗಲಿ ಚಾಲಕನಲ್ಲಿ ಮುಖ್ಯವಾಗಿ ನೋಡುತ್ತಿದ್ದುದು ಗಾಡಿ ಓಡಿಸುವ ಯೋಗ್ಯತೆಯನ್ನು. ಹಿಂದೆ ತುಂಬಿರುವುದು ಅಕ್ಕಿಯೋ ಆಮ್ಲವೋ ಎಂಬುದು ಆ ಪರೀಕ್ಷೆಯ ವಿಷಯವಾಗಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ರಾಸಾಯನಿಕ ಉದ್ಯಮ ಬೆಳೆದಂತೆ ಈ ಲೆಕ್ಕ ತಪ್ಪಿತು. ಅಪಾಯಕಾರಿ ವಸ್ತುಗಳ ಸಾಗಣೆ ಕುರಿತ ವಿಶ್ವಸಂಸ್ಥೆಯ ಶಿಫಾರಸುಗಳು 1956ರಲ್ಲಿ ಮೊದಲ ಬಾರಿಗೆ ಪ್ರಕಟವಾದವು. ಇಂದು ಪೆಟ್ರೋಲಿಗೆ 1203, ಅಡುಗೆ ಅನಿಲಕ್ಕೆ 1075 ಎಂದು ಬರೆಯುವ ಸಂಖ್ಯೆಗಳು ಆ ಪದ್ಧತಿಯವು. 1957ರಲ್ಲಿ ಜಿನೀವಾದಲ್ಲಿ ಯುರೋಪಿನ ದೇಶಗಳು ರಸ್ತೆ ಸಾಗಣೆಗೆಂದೇ ಒಂದು ಒಪ್ಪಂದ ಮಾಡಿಕೊಂಡವು. ಅದು ಜಾರಿಗೆ ಬಂದದ್ದು 1968ರಲ್ಲಿ. 1970ರ ದಶಕದಲ್ಲಿ ಲಂಡನ್ನಿನ ಅಗ್ನಿಶಾಮಕ ದಳ 'ಹ್ಯಾಜ್‌ಕೆಮ್' ಎಂಬ ಸಂಕೇತವನ್ನು ರೂಪಿಸಿತು. ಅದರಲ್ಲಿ 3 ಎಂದಿದ್ದರೆ ನೊರೆಯಿಂದ ಬೆಂಕಿ ಆರಿಸಬೇಕು; ಕೊನೆಯಲ್ಲಿ ಇಂಗ್ಲಿಷಿನ 'ಇ' ಅಕ್ಷರವಿದ್ದರೆ ಸುತ್ತಲಿನ ಜನರನ್ನು ತೆರವು ಮಾಡಿಸುವುದನ್ನು ಯೋಚಿಸಬೇಕು.

ನಿಯಮಗಳಿದ್ದ ಯುರೋಪಿನಲ್ಲಿಯೇ 1978ರ ಜುಲೈ 11ರಂದು ದೊಡ್ಡ ದುರಂತ ನಡೆಯಿತು. ಸ್ಪೇನಿನ ಕಡಲ ತೀರದ ಲೋಸ್ ಅಲ್ಫಾಕೆಸ್ ಎಂಬ ಪ್ರವಾಸಿ ಶಿಬಿರದ ಪಕ್ಕದಲ್ಲಿ, ಮಿತಿಗಿಂತ ಹೆಚ್ಚು ಪ್ರೊಪಿಲೀನ್ ತುಂಬಿದ್ದ ಟ್ಯಾಂಕರ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಇಂಥ ಹೊರೆಗಳನ್ನು ಜನವಸತಿಯ ನಡುವೆ ಒಯ್ಯುವುದಕ್ಕೆ ಸ್ಪೇನ್ ಕಡಿವಾಣ ಹಾಕಿತು.

ನಮ್ಮ ದೇಶದ ಕಣ್ಣು ತೆರೆಸಿದ್ದು 1984ರ ಡಿಸೆಂಬರಿನ ಭೋಪಾಲ. ಅದು ಕಾರ್ಖಾನೆಯ ದುರಂತವಾದರೂ ವಿಷವಸ್ತುಗಳ ಬಗ್ಗೆ ಕಾನೂನಿನ ನೋಟವನ್ನೇ ಬದಲಿಸಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರ ಕೇಂದ್ರ ನಿಯಮಗಳು 1989ರ ಜುಲೈ 1ರಂದು ಜಾರಿಗೆ ಬಂದವು. ಈ ನಿಯಮಗಳಲ್ಲಿ ಒಂಬತ್ತನೆಯದು ಅಪಾಯಕಾರಿ ಸರಕಿನ ಚಾಲಕನಿಗೆ ಮೂರು ದಿನಗಳ ತರಬೇತಿಯನ್ನು ಕಡ್ಡಾಯ ಮಾಡಿತು.

ಆ ಪಠ್ಯಕ್ರಮವನ್ನು ಓದಿದರೆ ಅದರ ಹರವು ಬೆರಗುಗೊಳಿಸುತ್ತದೆ. ಮೊದಲೆರಡು ದಿನ ಚಾಲನೆಯ ಪಾಠ: ಬ್ರೇಕ್ ಹಾಕಿದ ಮೇಲೆ ಗಾಡಿ ಎಷ್ಟು ದೂರ ಓಡುತ್ತದೆ, ಇಳಿಜಾರಿನಲ್ಲಿ ಹೇಗೆ ಇಳಿಯಬೇಕು, ನಿಲ್ಲಿಸಿದ ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡ ಏನು ಕೊಡಬೇಕು. ಕ್ಲೀನರ್ ಹುಡುಗನ ಕಲ್ಲಿಗೆ ಇಲ್ಲಿ ಶಾಸ್ತ್ರದ ಮನ್ನಣೆ ಸಿಕ್ಕಿದೆ. ರಸ್ತೆಯ ಮೇಲಿನ ಪರೀಕ್ಷೆ ಒಂದು ಸಲಕ್ಕೆ ಒಬ್ಬನಿಗೆ ಮಾತ್ರ. ಮೂರನೆಯ ದಿನ ಸರಕಿನ ಪಾಠ: ಸಂಕೇತಗಳನ್ನು ಓದುವುದು, ಕವಾಟಗಳ ಪರಿಚಯ, ಮುಖವಾಡ, ಕೈಗವಸುಗಳ ಬಳಕೆ, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ. ಚೆಲ್ಲಿದ ರಾಸಾಯನಿಕದಿಂದ ಬಾವಿ, ಹೊಳೆ, ಕೆರೆಗಳನ್ನು ಕಾಪಾಡುವುದು ಕೂಡ ಅದರಲ್ಲಿದೆ.

'ಸ್ಫೋಟದ ಮಿತಿ' ಎಂಬುದೂ ಪಠ್ಯದಲ್ಲಿದೆ. ಮಾತು ಒರಟಾಗಿ ಕಂಡರೂ ವಿಷಯ ಸರಳ. ಒಂದು ಲೀಟರ್ ದ್ರವ ಅನಿಲ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ಚರಂಡಿ, ತಗ್ಗುಗಳಲ್ಲಿ ನೆಲ ಹಿಡಿದು ಸರಿಯುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡರಷ್ಟಾದರೂ ಸಾಕು, ದೂರದ ಒಲೆಯ ಕಿಡಿಯೂ ಹೊತ್ತಿಸಬಲ್ಲದು. ಇದು ತಿಳಿದ ಚಾಲಕ ಮೊದಲು ಇಂಜಿನ್ ಆರಿಸಿ, ಸುತ್ತಲಿನ ಮನೆಗಳ ಒಲೆ ದೀಪ ಆರಿಸಿರೆಂದು ಕೂಗುತ್ತಾನೆ. ತಿಳಿಯದವನು ಸೋರಿಕೆ ಎಲ್ಲಿದೆಯೆಂದು ನೋಡಲು ಬೆಂಕಿಕಡ್ಡಿ ಗೀರಿಯಾನು.

ಕೇರಳದ ಕಣ್ಣೂರಿನ ಬಳಿಯ ಚಾಲದಲ್ಲಿ 2012ರ ಆಗಸ್ಟ್ 27ರಂದು ಅನಿಲ ಟ್ಯಾಂಕರ್ ರಸ್ತೆ ವಿಭಜಕಕ್ಕೆ ಬಡಿದು ಉರುಳಿತು. ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಮರುವರ್ಷದ ಏಪ್ರಿಲ್ 9ರಂದು ನಮ್ಮದೇ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ, ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಬೆಂಕಿಗೆ ತುತ್ತಾದರು. ಅನಿಲ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಈ ಊರುಗಳು ನೋವಿನಿಂದ ಕಲಿತವು.

ಈ ವಿದ್ಯೆಯ ಕಷ್ಟ ಇರುವುದು ಇಲ್ಲಿಯೇ. ಸ್ಟಿಯರಿಂಗ್, ಬ್ರೇಕ್, ಗೇರುಗಳನ್ನು ಚಾಲಕ ದಿನವೂ ಬಳಸುತ್ತಾನೆ. ಬಳಸಿದಷ್ಟೂ ಕೈ ಕುದುರುತ್ತದೆ. ಬೆಂಕಿ ಆರಿಸುವ ಸಿಲಿಂಡರ್, ಮುಖವಾಡಗಳನ್ನು ಅವನು ಇಪ್ಪತ್ತು ವರ್ಷ ಮುಟ್ಟದೆಯೂ ಇರಬಹುದು. ಮುಟ್ಟಬೇಕಾದ ದಿನ ಪಿನ್ ಎಳೆಯುವುದು ಹೇಗೆಂದು ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ಒಮ್ಮೆ ಕಲಿಸಿ ಬಿಡುವಂತಿಲ್ಲ, ಮತ್ತೆ ಮತ್ತೆ ಕಲಿಸಬೇಕು. ಯುರೋಪಿನಲ್ಲಿ ಪರೀಕ್ಷೆ ಪಾಸಾದ ಚಾಲಕನ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು. ನಮ್ಮಲ್ಲಿ ಅಪಾಯಕಾರಿ ಸರಕಿನ ಪರವಾನಗಿಯ ಅವಧಿ ಒಂದೇ ವರ್ಷವಿತ್ತು. ನವೀಕರಣಕ್ಕೆ ಒಂದು ದಿನದ ಮರುಪಾಠ ಬೇಕಿತ್ತು. 2019ರ ತಿದ್ದುಪಡಿ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು. ಕಚೇರಿಗೆ ಅಲೆಯುವುದು ತಪ್ಪಿದ್ದು ಒಳ್ಳೆಯದೇ. ಅದರ ಜೊತೆಗೆ ನೆನಪನ್ನು ಹಸಿರಾಗಿಡುವ ಭಾರ ಲಾರಿ ಮಾಲೀಕರ ಮೇಲೂ, ಸರಕು ಕಳಿಸುವ ಕಂಪನಿಗಳ ಮೇಲೂ ಹೆಚ್ಚಾಗಿದೆ.

ಇನ್ನೊಂದು ಕಷ್ಟ ಭಾಷೆಯದು. ಅಪಾಯಕಾರಿ ಸರಕಿನ ಚಾಲಕ ಸಂವಿಧಾನದ ಎಂಟನೆಯ ಪರಿಚ್ಛೇದದ ಒಂದು ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕು ಎಂದು ನಿಯಮ 9 ಕೇಳುತ್ತದೆ. ಸಾಮಾನ್ಯ ಲಾರಿ ಚಾಲಕರಿಗೆ ಇದ್ದ ಎಂಟನೆಯ ತರಗತಿಯ ಕಟ್ಟುಪಾಡನ್ನು ಸರ್ಕಾರ 2019ರಲ್ಲಿ ತೆಗೆದುಹಾಕಿತು. ಓದಿಲ್ಲದಿದ್ದರೂ ಕೈಗುಣವಿರುವವರಿಗೆ ಕೆಲಸ ಸಿಗಲಿ ಎಂಬ ಉದ್ದೇಶ ಅದರ ಹಿಂದೆ ಇತ್ತು. ಟ್ಯಾಂಕರಿಗೆ ಆ ಸಡಿಲಿಕೆ ಸಾಲದು. ಯುರೋಪಿನ ಒಪ್ಪಂದ 2009ರಿಂದ ಬೇರೊಂದು ದಾರಿ ಹಿಡಿದಿದೆ: ತುರ್ತು ಸೂಚನೆಯ ಹಾಳೆ ಚಾಲಕನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅದನ್ನು ಕೊಡುವುದು ಸಾಗಣೆದಾರನ ಹೊಣೆ. ಅಂದರೆ ಚಾಲಕ ಹಾಳೆಯ ಭಾಷೆ ಕಲಿಯುವ ಬದಲು, ಹಾಳೆಯೇ ಚಾಲಕನ ಭಾಷೆಗೆ ಬರುತ್ತದೆ.

ಶಿರಾಡಿ ಘಾಟಿಯಲ್ಲಿ ಹಗಲಿರುಳು ಟ್ಯಾಂಕರ್‌ಗಳು ಏರಿಳಿಯುತ್ತವೆ. ಅವುಗಳ ಕ್ಯಾಬಿನ್ನಿನಲ್ಲಿರುವ ಹಾಳೆ ಕನ್ನಡದಲ್ಲೋ, ತಮಿಳಿನಲ್ಲೋ, ಹಿಂದಿಯಲ್ಲೋ ಆ ಚಾಲಕನಿಗೆ ಓದಲು ಬರುವಂತಿದ್ದು, ಸೀಟಿನ ಹಿಂದಿನ ಸಿಲಿಂಡರನ್ನು ಅವನು ಈಚೆಗೆ ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದ್ದರೆ, ರಸ್ತೆ ಪಕ್ಕದ ಊರುಗಳ ಜನ ಸ್ವಲ್ಪ ನೆಮ್ಮದಿಯಿಂದ ಮಲಗಬಹುದು.