ಇಪ್ಪತ್ತೊಂಬತ್ತು ಅಂಕಿಗಳ ಸಂಖ್ಯೆ: ಗೊಮ್ಮಟಸಾರದಲ್ಲಿ ಎರಡರ ತೊಂಬತ್ತಾರನೆಯ ಘಾತ

79228162514264337593543950336: ಎರಡರ 96ನೆಯ ಘಾತವಾದ ಪೂರ್ಣಸಂಖ್ಯೆ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚರಿತ್ರೆಯೊಂದಿಗೆ ಬೆಸೆದುಕೊಂಡಿರುವ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಪ್ರಾಕೃತ ಗ್ರಂಥ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇದು ಪರ್ಯಾಪ್ತ ಮನುಷ್ಯರ, ಅಂದರೆ ದೇಹೇಂದ್ರಿಯಾದಿ ಶಕ್ತಿಗಳು ಪೂರ್ಣಗೊಂಡವರ, ಎಣಿಕೆಯಾಗಿ ಬರುತ್ತದೆ. ನೇಮಿಚಂದ್ರ 10ನೆಯ ಶತಮಾನದವನು. 981ರ ಸುಮಾರಿಗೆ ವಿಂಧ್ಯಗಿರಿಯ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಅವನ ಶಿಷ್ಯ. ಇಷ್ಟು ದೊಡ್ಡ ಸಂಖ್ಯೆ ಕಂಡೊಡನೆ ಧರ್ಮಗ್ರಂಥದ ಅತಿಶಯೋಕ್ತಿಯೆಂದು ಬದಿಗಿಡುವವರಿದ್ದಾರೆ. ಅದು ಆತುರದ ತೀರ್ಮಾನ. ಈ ಸಂಖ್ಯೆಯನ್ನು ಕಟ್ಟಿದ ಕ್ರಮದಲ್ಲಿ ಕಟ್ಟುನಿಟ್ಟಾದ ಗಣಿತವಿದೆ, ಅದನ್ನು ಇಂದಿಗೂ ಪರೀಕ್ಷಿಸಬಹುದು.

ಎರಡನ್ನು ವರ್ಗ ಮಾಡಿದರೆ 4, ಅದರ ವರ್ಗ 16. ಹೀಗೆ ಮುಂದುವರಿದರೆ 256, 65536, ಐದನೆಯದಾಗಿ 4294967296, ಆರನೆಯದಾಗಿ 18446744073709551616. ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ನಮ್ಮ ಸಂಖ್ಯೆ. ಆರನೆಯದು ಐದನೆಯದರ ವರ್ಗವೇ ಆದ್ದರಿಂದ ಇದು ಐದನೆಯ ವರ್ಗದ ಘನವೂ ಹೌದು. ಮತ್ತೊಂದು ದಾರಿಯಲ್ಲಿ 8, 64, 4096 ಎಂದು ವರ್ಗ ಮಾಡುತ್ತ ಹೋದರೂ ಆರನೆಯ ಮೆಟ್ಟಿಲಲ್ಲಿ ಇದೇ ಸಿಗುತ್ತದೆ. ನೇಮಿಚಂದ್ರನ ‘ತ್ರಿಲೋಕಸಾರ’ ವಿವರಿಸುವ ಹದಿನಾಲ್ಕು ಧಾರೆಗಳಲ್ಲಿ, ಅಂದರೆ ಸಂಖ್ಯಾಶ್ರೇಣಿಗಳಲ್ಲಿ, ಇಂಥ ದ್ವಿರೂಪಘನಧಾರೆಯೂ ಒಂದು. ಈ ಸಂಖ್ಯೆಯನ್ನು ಸರಿಯಾಗಿ 96 ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ. ಹಾಗೆ ಅರ್ಧಿಸುವ ಸಲಗಳ ಲೆಕ್ಕಕ್ಕೆ ಜೈನ ಗಣಿತದಲ್ಲಿ ಅರ್ಧಚ್ಛೇದವೆಂದು ಹೆಸರು. ಇಂದಿನ ಗಣಿತದಲ್ಲಿ ಅದು ಎರಡನ್ನು ಆಧಾರವಾಗಿಟ್ಟ ಲಾಗರಿದಮ್.

ಗ್ರಂಥ ಈ ಅಂಕಿಗಳನ್ನು, ಅಕ್ಷರಗಳಿಗೆ ಅಂಕಿಯ ಬೆಲೆ ಕೊಡುವ ಕಟಪಯಾದಿ ಪದ್ಧತಿಯಲ್ಲಿ, ಬಿಡಿಸ್ಥಾನದಿಂದ ಮೇಲಕ್ಕೆ ಹೇಳುತ್ತದೆ. ಇದನ್ನು ಹೇಳುವ ಗಾಥೆಯ, ಅಂದರೆ ಪ್ರಾಕೃತ ಪದ್ಯದ, ಮೊದಲ ಅಕ್ಷರಗಳು ತ, ಲ, ಲೀ. ಇವುಗಳ ಬೆಲೆ 6, 3, 3. ಬಲದಿಂದ ಎಡಕ್ಕೆ ಬರೆದರೆ 336, ಸಂಖ್ಯೆಯ ಕೊನೆಯ ಮೂರು ಅಂಕಿ. ಉಳಿದ 26 ಅಕ್ಷರಗಳೂ ಹಾಗೆಯೇ ಹೊಂದುತ್ತವೆ. ಒಂದೇ ಒಂದು ಅಕ್ಷರ ಕೆಟ್ಟಿದ್ದರೂ 96 ಸಲದ ಅರ್ಧೀಕರಣ ಒಂದಕ್ಕೆ ಬಂದು ನಿಲ್ಲುತ್ತಿರಲಿಲ್ಲ. ತಾಳೆಗರಿಯ ಪ್ರತಿಕಾರರು ನಂತರ ತಿದ್ದಿರಬಹುದಲ್ಲವೇ ಎಂದು ಕೇಳಬಹುದು. ತಿದ್ದಿದ್ದರೂ ತಿದ್ದಿದವನು ಈ ಗುಣಾಕಾರವನ್ನು ಕೊನೆಯ ಅಂಕಿಯವರೆಗೂ ಮಾಡಿರಲೇಬೇಕು.

ಜನಗಣತಿಯಾಗಿ ಇದನ್ನು ಸಮರ್ಥಿಸಲಾಗದು ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಇಲ್ಲಿ ಎಣಿಸಿರುವುದು ಜೈನ ಲೋಕವಿಚಾರದ ಎರಡೂವರೆ ದ್ವೀಪಗಳ ಮನುಷ್ಯರನ್ನು. ನಾವು ಕಾಣುವ ಭೂಮಿಗೆ ಅದನ್ನು ಹೊಂದಿಸಹೋದರೆ ಅರ್ಥವಿಲ್ಲ. ಸಂಖ್ಯೆ ನೇಮಿಚಂದ್ರನ ಸ್ವಂತದ್ದಲ್ಲ ಎಂಬುದೂ ನಿಜ. ಅದಕ್ಕೂ ಹಿಂದಿನ ‘ಅನುಯೋಗದ್ವಾರ ಸೂತ್ರ’ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವನ್ನೂ 96 ಛೇದಗಳನ್ನೂ ಹೇಳುತ್ತದೆ. 9ನೆಯ ಶತಮಾನದ ವೀರಸೇನನ ‘ಧವಲಾ’ ಟೀಕೆ ಅರ್ಧಚ್ಛೇದದ ನಿಯಮಗಳನ್ನು ಬಳಸುತ್ತದೆ. ಹಾಗಾಗಿ ಲಾಗರಿದಮ್ ಕಂಡುಹಿಡಿದವನೆಂಬ ಪಟ್ಟ ನೇಮಿಚಂದ್ರನಿಗೆ ಸಲ್ಲದು. ಕೈಗೆ ಬಂದ ಸಂಖ್ಯೆಯನ್ನು ಒಂದಂಕಿಯೂ ತಪ್ಪದಂತೆ ಒಂದು ಗಾಥೆಯಲ್ಲಿ ಹಿಡಿದಿಟ್ಟ ಗ್ರಂಥ ಅವನದು, ಮತ್ತು ಅದು ಸಣ್ಣ ಕೆಲಸವಲ್ಲ. 1359ರಲ್ಲಿ ಕೇಶವವರ್ಣಿ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿ ಬರೆದು ಈ ಗಣಿತವನ್ನು ಕನ್ನಡಕ್ಕೆ ತಂದ.

ಇದೇ 96 ಇಂದಿನ ಗಣಕದಲ್ಲೂ ಎದುರಾಗುತ್ತದೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ತಂತ್ರಾಂಶದ ‘ಡೆಸಿಮಲ್’ ಮಾದರಿ ಅಂಕಿಗಳನ್ನು 96 ಬಿಟ್‌ಗಳಲ್ಲಿ ಇಡುತ್ತದೆ. ಅದು ಹಿಡಿಯಬಲ್ಲ ಗರಿಷ್ಠ ಸಂಖ್ಯೆ ಗೊಮ್ಮಟಸಾರದ ಈ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. ಇಲ್ಲಿ ಪ್ರಭಾವದ ಮಾತಿಲ್ಲ. ಎರಡೂ ಕಡೆ ಇರುವುದು ಎರಡರ ಘಾತವೇ.